ಎರಡು ಸಲ ಅಂಟಿಸಿದ ಲಕೋಟೆ

"ಆ ಬಳೆ ಮುಟ್ಟಿದ ಕೈ ಯಾರದೇ ಆಗ್ಲಿ, ಮೊಣಕೈ ತಂಕ ಮುರ್ದು ಒಲೆಗಿಕ್ತೀನಿ!"

ಚಿಕ್ಕಮುನಿಯಪ್ಪ ಕೂಗಿದ್ದು ಬಾಗಲೂರಿನ ಭದ್ರಮ್ಮನ ಅಂಗಳದ ಬೇಲಿಯ ಹತ್ತಿರ. ಕೇಳಿಸಿದ್ದು ಹೊಸೂರಿನ ಬೆಟ್ಟದವರೆಗೆ. ಹೊಂಗೆ ಮರದ ಕಾಗೆಗಳು ದಿಗ್ಗನೆ ಎದ್ದವು. ಅವುಗಳಲ್ಲಿ ಎರಡು ಸೇಲಂ ಜಿಲ್ಲೆಯನ್ನೇ ಬಿಟ್ಟುಹೋದವೆಂದು ಕಂಡವರು ಇವತ್ತಿಗೂ ಆಣೆ ಮಾಡುತ್ತಾರೆ.

ಬಳೆ ಒಡೆಯಲು ಗುಂಡುಕಲ್ಲು ಎತ್ತಿದ್ದ ರಾಮಕ್ಕಜ್ಜಿಯ ಕೈ ಎತ್ತಿದ ಹಾಗೇ ನಿಂತಿತು. ಅವಳ ಎದುರು ಮಣೆಯ ಮೇಲೆ ಕೂತಿದ್ದ ಮುನಿರತ್ನಮ್ಮ ಮೆಲ್ಲಗೆ ತಲೆಯೆತ್ತಿದಳು.

ಹನ್ನೊಂದು ದಿನದ ಹಿಂದೆ ಗ್ರೀಸ್ ದೇಶದಿಂದ ಬಂದ ಲಕೋಟೆ ಒಡೆದು, ಜರ್ಮನಿಯ ಯುದ್ಧಕ್ಕೆ ಹೋಗಿದ್ದ ಅವಳ ಗಂಡ ಸಿಪಾಯಿ ಆವುಲಪ್ಪ ಗುಂಡೇಟಿಗೆ ಸತ್ತನೆಂದು ಓದಿ ಹೇಳಿದ್ದರು. ಇವತ್ತು ಬಳೆ ಒಡೆದರೆ, ಬರುವ ಸೋಮವಾರ ಗುಮ್ಮಳಾಪುರದ ನರಸಿಂಹಪ್ಪ ಅವಳಿಗೆ ಮರುಮದುವೆಯ ಉಡಿಕೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದೆಂದು ದೊಡ್ಡವರ ಮಾತಾಗಿತ್ತು. ಈ ಹನ್ನೊಂದು ದಿನವೂ ಮುನಿರತ್ನಮ್ಮ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. "ನನ್ ಗಂಡ ಸತ್ತಿಲ್ಲ" ಎಂಬುದೊಂದೇ ಮಾತು. ಊರವರು ಪಾಪ, ತಲೆ ಕೆಟ್ಟಿದೆ ಎಂದುಕೊಂಡಿದ್ದರು.

"ಏಮಿರಾ ನೀ ಗಲಾಟ?" ಪಟೇಲ ಪಾಪಯ್ಯನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಸಾವಿನ ಮನೇಲಿ ಮುರಿಯೋ ಕಡಿಯೋ ಮಾತೇನ್ಲಾ?"

"ಸಾವಿನ ಮನೆ ಅಲ್ಲ ಪಟೇಲ್ರೆ. ಸುಳ್ಳಿನ ಮನೆ," ಎಂದು ಚಿಕ್ಕಮುನಿಯಪ್ಪ ಬೇಲಿ ದಾಟಿದ. ಐವತ್ತೆಂಟರ ಮುದುಕ ಎದೆಯೆತ್ತರದ ಬೇಲಿಯನ್ನು ನೆಗೆದೇ ದಾಟಿದ. ಪಕ್ಕದಲ್ಲೇ ಒಂದು ದಾರಿ ತೆರೆದಿತ್ತು, ಅದು ಬೇರೆ ವಿಷಯ.

ಈ ಚಿಕ್ಕಮುನಿಯಪ್ಪ ಮೂವತ್ತು ವರ್ಷ ಅಂಚೆಯ ಚೀಲ ಹೊತ್ತು ಓಡಿದವನು. ಅವನ ಕಾಲಡಿ ಕೃಷ್ಣಗಿರಿಯ ರಸ್ತೆ ಮೊಣಕಾಲುದ್ದ ಸವೆದಿತ್ತು. ಶೂಲಗಿರಿಯ ಚಿರತೆಗಳು ಅವನು ಬರುವ ಹೊತ್ತಿಗೆ ಪಕ್ಕಕ್ಕೆ ಸರಿದು, ಮರಿಗಳಿಗೆ 'ಓಡೋದು ಅಂದ್ರೆ ಹಿಂಗೆ' ಎಂದು ತೋರಿಸುತ್ತಿದ್ದವು. ಅವನ ಕೈಯಲ್ಲಿ ಹಾದುಹೋದ ಕಾಗದಗಳನ್ನು ಹರಡಿದ್ದರೆ ಬಾಗಲೂರಿನಿಂದ ಬರ್ಮಾದವರೆಗೆ ಚಪ್ಪರವಾಗುತ್ತಿತ್ತು. ಅವುಗಳಲ್ಲಿ ಒಂದನ್ನೂ ಅವನು ಓದಿರಲಿಲ್ಲ. ಓದಲು ಬರುತ್ತಿರಲಿಲ್ಲ.

"ಒಳಗಿಂದು ಓದೋನಿಗೆ ಸುದ್ದಿ ಗೊತ್ತು. ಹೊರಗಿಂದು ಬಲ್ಲೋನಿಗೆ ಕಾಗದದ ಜಾತಕವೇ ಗೊತ್ತು," ಎನ್ನುವುದು ಅವನ ಹೆಮ್ಮೆ. ತೂಕ, ವಾಸನೆ, ಮಡಿಕೆ, ಅಂಟು, ಮುದ್ರೆ. ಇಷ್ಟರಿಂದಲೇ ಅವನು ಈ ಮೂರು ತಾಲ್ಲೂಕಿನಲ್ಲಿ ಹದಿನೇಳು ಕಳವು, ನಾಲ್ಕು ಓಡಿಹೋದ ಹೆಣ್ಣು ಮತ್ತು ಒಂದು ಆನೆಯನ್ನು ಪತ್ತೆ ಮಾಡಿದ್ದ. ಆನೆಯದು ಅವನೊಬ್ಬನೇ ಹೇಳುವ ಕತೆ.

ಅವನು ಅಂಗಳವನ್ನು ಒಂದು ಸುತ್ತು ನೋಡಿದ.

ಸತ್ತವನ ಹನ್ನೊಂದರ ದಿನ ಗಂಡಸರು ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕೂರುವುದು ಪದ್ಧತಿ. ಎಲ್ಲರೂ ಹಾಗೇ ಕೂತಿದ್ದರು. ಭದ್ರಮ್ಮ ಕಂಬಕ್ಕೆ ಒರಗಿ, ಮಗನ ಹೆಸರನ್ನು ಬಾಯಲ್ಲೇ ಮೆಲ್ಲುತ್ತಿದ್ದಳು. ನರಸಿಂಹಪ್ಪ ಸೀರೆಯ ತಟ್ಟೆ ಮುಂದಿಟ್ಟುಕೊಂಡು ಮೊದಲ ಸಾಲಿನಲ್ಲೇ ಇದ್ದ. ಮೂರು ವರ್ಷದ ಹಿಂದೆ ಮುನಿರತ್ನಮ್ಮನನ್ನು ಕೇಳಿ, ಇಲ್ಲವೆನ್ನಿಸಿಕೊಂಡು ಹೋದವನು. ಆದರೆ ಅವನ ಕಣ್ಣು ಸೀರೆಯ ಮೇಲೂ ಇರಲಿಲ್ಲ, ಹೆಣ್ಣಿನ ಮೇಲೂ ಇರಲಿಲ್ಲ. ಘಳಿಗೆಗೊಮ್ಮೆ ಹೊಸೂರ ರಸ್ತೆಯ ಮೇಲೆ ಹೋಗಿ ಬರುತ್ತಿತ್ತು.

ಜಗಲಿಯ ಮೇಲೆ ವೆಂಕಟೇಶಪ್ಪ. ಊರಿಗೆಲ್ಲ ಅಕ್ಷರ ಬಲ್ಲ ಒಬ್ಬನೇ ಗಂಡಸು. ಸಂತೆಯ ದಿನ ಹೊಸೂರಿಗೆ ಹೋಗಿ ಊರ ಕಾಗದಗಳನ್ನು ತರುವುದು, ಓದಿ ಹೇಳುವುದು, ಉತ್ತರ ಬರೆಯುವುದು ಎಲ್ಲ ಅವನದೇ. ಆವುಲಪ್ಪನ ಸಾವಿನ ಕಾಗದ ಓದಿದ್ದೂ ಅವನೇ.

"ಚಿಕ್ಕಮುನಿಯಪ್ಪ, ಸತ್ತ ಕಾಗದಾನ ಭದ್ರಮ್ಮನೇ ಹರಿದು ಅಂಗಳದ ನೀರೊಲೆಗೆ ಹಾಕಿದ್ದು," ಎಂದ ವೆಂಕಟೇಶಪ್ಪ, ಮಗುವಿಗೆ ಹೇಳುವಂತೆ. "ಇಲ್ಲದ ಕಾಗದದಲ್ಲಿ ಏನು ಪತ್ತೆ ಮಾಡ್ತೀಯ?"

ಮಾತು ನಿಜ. ಸಾವಿನ ಸುದ್ದಿಯ ಕಾಗದ ಹೊಸ್ತಿಲು ದಾಟಬಾರದು. ಹೊರಗೇ ಓದಿಸಿ, ಅಲ್ಲೇ ಹರಿದು, ಸುಟ್ಟು, ತಲೆಗೆ ನೀರು ಹಾಕಿಕೊಂಡೇ ಒಳಗೆ ಹೋಗಬೇಕು. ಈ ಸೀಮೆಯಲ್ಲಿ ಅದನ್ನು ಮೀರಿದವರಿಲ್ಲ.

"ಕಾಗದ ಹರಿಬೇಕು ಅಂತ ಶಾಸ್ತ್ರ. ಲಕೋಟೆ ಹರಿಬೇಕು ಅಂತ ಯಾವ ಶಾಸ್ತ್ರ ಐತೆ?" ಎಂದು ಚಿಕ್ಕಮುನಿಯಪ್ಪ ಅಂಗಿಯೊಳಗಿನಿಂದ ಖಾಕಿ ಬಣ್ಣದ ಲಕೋಟೆಯೊಂದನ್ನು ತೆಗೆದ. "ಒಲೆ ಪಕ್ಕ ಬಿದ್ದಿದ್ದನ್ನ ಈ ಹೆಣ್ಮಗಳು ಎತ್ತಿಟ್ಕಂಡವ್ಳೆ. ನಿನ್ನೆ ನನ್ ಕೈಗೆ ಕೊಟ್ಲು."

ವೆಂಕಟೇಶಪ್ಪ ನಕ್ಕ. ನಗು ಒಂದು ಎಳೆ ತಡವಾಗಿ ಬಂತು. ಆ ಒಂದು ಎಳೆಯಲ್ಲಿ ಚಿಕ್ಕಮುನಿಯಪ್ಪ ಒಂದು ಗದ್ದೆ ಉತ್ತುಬಿಡುತ್ತಿದ್ದ.

"ಕೊಡು ನೋಡೋಣ. ದಂಡಿನ ಅಂಚೆ ಮುದ್ರೆ ಐತೆ. ಸೆನ್ಸಾರಿನವರ ಮುದ್ರೆಯೂ ಐತೆ. ಅಸಲಿ ಲಕೋಟೆ."

"ಅಪ್ಪಟ ಅಸಲಿ. ಗ್ರೀಸ್ ದೇಶದಿಂದ್ಲೇ ಬಂದಿರೋದು. ನೀವು ಪಕ್ಕದ ಅಂಚು ಹರ್ದು ಕಾಗದ ತೆಗ್ದಿದ್ದೀರ, ಮುಚ್ಚಳ ಇನ್ನೂ ಅಂಟ್ಕಂಡೇ ಐತೆ. ಭದ್ರಕ್ಕ, ಒಂದ್ ಚೆಂಬು ಬಿಸಿನೀರು ಕೊಡವ್ವ."

ಭದ್ರಮ್ಮ ಯಂತ್ರದಂತೆ ಎದ್ದು ಕುದಿಯುವ ನೀರಿನ ಚೆಂಬು ತಂದಿಟ್ಟಳು. ಚಿಕ್ಕಮುನಿಯಪ್ಪ ಲಕೋಟೆಯ ಮುಚ್ಚಳವನ್ನು ಹಬೆಗೆ ಹಿಡಿದ. ಅಂಗಳ ಉಸಿರು ಬಿಗಿಹಿಡಿಯಿತು. ಬಾಗಲೂರಿನ ನಾಯಿಗಳು ಕೂಡ ಬೊಗಳುವುದನ್ನು ಮುಂದಕ್ಕೆ ಹಾಕಿದವು.

ಮುಚ್ಚಳ ಸುರುಳಿ ಸುತ್ತಿಕೊಂಡು ಬಿಚ್ಚಿತು. ಒಳಗಡೆ ಉದ್ದಕ್ಕೂ ಕಂದು ಬಣ್ಣದ ಒರಟು ಪಟ್ಟೆ.

ಚಿಕ್ಕಮುನಿಯಪ್ಪ ಬೆರಳಿಂದ ಒರಸಿ ನಾಲಿಗೆಗಿಟ್ಟ. ಕಣ್ಣು ಮುಚ್ಚಿದ. ಒಂದು ಅಂಟು ನೆಕ್ಕಿ ಅದು ಕೋಯಮತ್ತೂರಿನದೋ ಕೊಲಂಬೊದ್ದೋ ಹೇಳಬಲ್ಲ ನಾಲಿಗೆ ಅದು.

"ಪಟೇಲ್ರೆ, ನೀವೇ ನೋಡಿ."

ಪಾಪಯ್ಯ ಅನುಮಾನದಿಂದ ಬೆರಳು ಅದ್ದಿ ನೆಕ್ಕಿದ. ಅವನ ಹುಬ್ಬು ಮೇಲಕ್ಕೆ ಹೋಯಿತು.

"ಇದು ರಾಗಿ ಕಣ್ಲಾ!"

"ರಾಗಿ ಅಂಬಲಿ. ಎರಡು ದಿನ ಹುಳಿ ಬಂದಿರೋದು. ಮೂರು ವರ್ಷದಿಂದ ಆ ಹುಡ್ಗ ಒಂದೊಂದ್ ಕಾಗದದಲ್ಲೂ 'ಮುದ್ದೆ ಇಲ್ಲ ಕಣವ್ವ, ಮುದ್ದೆ ಇಲ್ಲ' ಅಂತ ಅತ್ತವ್ನೆ. ಗ್ರೀಸ್ ದೇಶದಲ್ಲಿ ರಾಗಿ ಯಾವಾಗ ಬೆಳುದ್ರು?"

ಗುಜುಗುಜು ಎದ್ದಿತು. ವೆಂಕಟೇಶಪ್ಪ ಕೈಯೆತ್ತಿ ಸುಮ್ಮನಾಗಿಸಿದ. ಮನುಷ್ಯ ಸಾಮಾನ್ಯನಲ್ಲ.

"ಭದ್ರಮ್ಮ, ದೀಪಾವಳಿಗೆ ನೀನು ಮಗನಿಗೆ ಏನು ಪಾರ್ಸೆಲ್ ಕಳಿಸಿದೆ? ವಿಳಾಸ ಬರೆದವನು ನಾನೇ."

"ಹುರಿಹಿಟ್ಟು ಸ್ವಾಮಿ," ಎಂದಳು ಭದ್ರಮ್ಮ. "ರಾಗಿ ಹುರಿಹಿಟ್ಟು."

"ಮುಗೀತಲ್ಲ! ಅವನ ಜೊತೆಗಾರ ಅದೇ ಹಿಟ್ಟು ಕಲಸಿ ಅಂಟಿಸಿದ್ದಾನೆ. ಸತ್ತ ಗೆಳೆಯನ ಹಿಟ್ಟಿನಲ್ಲಿ ಅಂಟಿಸಿದ ಕಾಗದ ಅದು. ಅದನ್ನ ನೆಕ್ಕಿ ನೀವು ತಮಾಷೆ ಮಾಡ್ತಿದ್ದೀರ."

ಅಂಗಳದ ಮುಖಗಳು ಮತ್ತೆ ತಗ್ಗಿದವು. ರಾಮಕ್ಕಜ್ಜಿ ನಿಟ್ಟುಸಿರು ಬಿಟ್ಟು ಗುಂಡುಕಲ್ಲನ್ನು ಮತ್ತೆ ಕೈಗೆ ತೆಗೆದುಕೊಂಡಳು. ಮುನಿರತ್ನಮ್ಮ ಎರಡು ಕೈಗಳನ್ನೂ ಸೆರಗಿನೊಳಗೆ ಎಳೆದುಕೊಂಡಳು.

ಚಿಕ್ಕಮುನಿಯಪ್ಪ ನಗುತ್ತಿದ್ದ. ಎದುರಾಳಿ ಅಡಿಕೆ ಕದ್ದಾಗ ಸುಮ್ಮನಿದ್ದು, ಆನೆಯನ್ನು ಕದ್ದಾಗ ಹಿಡಿಯುವುದು ಅವನ ಕ್ರಮ.

"ಒಳ್ಳೆ ಮಾತು ವೆಂಕಟೇಶಪ್ಪನೋರೆ. ಈಗ ಈ ರಾಗೀನ ಉಗುರಲ್ಲಿ ಕೆರೀತೀನಿ, ಎಲ್ರೂ ಬನ್ನಿ."

ಕಂದು ಪಟ್ಟೆ ಪುಡಿಪುಡಿಯಾಗಿ ಉದುರಿತು. ಅದರ ಕೆಳಗೆ ಹಳದಿ ಹೊಳಪಿನ ತೆಳು ಗೆರೆ ಕಾಣಿಸಿತು.

"ಇದು ಗೋಂದು. ದಂಡಿನ ಲಕೋಟೇಲಿ ಹುಟ್ಟಿದಾಗ್ಲೇ ಇರೋ ಗೋಂದು. ಒಂದ್ಸಲ ಅಂಟಿಸಿದ್ದಾರೆ. ಬಿಚ್ಚಿದ್ದಾರೆ. ಗೋಂದು ಸತ್ತೋಯ್ತು. ಆಮೇಲೆ ರಾಗೀಲಿ ಅಂಟಿಸಿದ್ದಾರೆ. ಈ ಲಕೋಟೆಗೂ ಉಡಿಕೆ ಮಾಡವ್ರೆ ಕಣ್ರಪ್ಪೋ! ಮೊದಲ್ನೇ ಗಂಡ ಗೋಂದು, ಎರಡ್ನೇ ಗಂಡ ರಾಗಿ!"

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಮನೆಯ ಹೆಂಗಸರಲ್ಲಿ ನಗು ಬಂದದ್ದು ಹನ್ನೊಂದು ದಿನದಲ್ಲಿ ಅದೇ ಮೊದಲು.

"ಅಲ್ಲೇ ಬಿಚ್ಚಿ ಅಲ್ಲೇ ಅಂಟಿಸಿರಬಹುದಲ್ಲ! ಸೆನ್ಸಾರಿನವರು ಬಿಚ್ಚಿ ಓದ್ತಾರೆ, ನಿನಗೇನು ಗೊತ್ತು?" ವೆಂಕಟೇಶಪ್ಪನ ದನಿ ಒಂದು ಮೆಟ್ಟಿಲು ಮೇಲೇರಿತ್ತು.

"ಓದ್ತಾರೆ. ಓದಿ, ಅಂಟಿಸಿ, ಮುಚ್ಚಳದ ಮೇಲೆ ಅರ್ಧ, ಲಕೋಟೆ ಮೇಲೆ ಅರ್ಧ ಬರೋ ಹಂಗೆ ಮುದ್ರೆ ಒತ್ತುತಾರೆ. ಯಾಕೆ ಹೇಳಿ? ದಾರೀಲಿ ಯಾವೋನಾದ್ರೂ ಬಿಚ್ಚಿದ್ರೆ ಗೊತ್ತಾಗ್ಲಿ ಅಂತ." ಅವನು ಮುಚ್ಚಳವನ್ನು ಕಂದು ಗುರುತಿನ ಮೇಲೆ ಸರಿಯಾಗಿ ಮಡಿಸಿ ಹಿಡಿದ. "ಪಟೇಲ್ರೆ, ಮುದ್ರೆ ಒಂದಕ್ಕೊಂದು ಕೂಡ್ತದಾ?"

ಪಾಪಯ್ಯ ಬಗ್ಗಿ ನೋಡಿದ. ಮೇಲಿನ ಅರ್ಧ ಕೆಳಗಿನ ಅರ್ಧಕ್ಕಿಂತ ಒಂದು ರಾಗಿ ಕಾಳಿನಷ್ಟು ಪಕ್ಕಕ್ಕೆ ಜರುಗಿತ್ತು.

"ಇಲ್ಲ."

"ಇನ್ನೊಂದ್ ನೋಡಿ. ಮುದ್ರೆಯ ಮಸಿ ಕೆಳಗೈತೆ, ಹೊರಕ್ಕೆ ಹಿಸುಕಿ ಬಂದಿರೋ ಅಂಬಲಿ ಅದರ ಮೇಲೈತೆ. ಮುದ್ರೆ ಬಿದ್ದ ಮೇಲೆ ರಾಗಿ ಬಂದದ್ದು. ಸೆನ್ಸಾರು ಮುಗುದು, ಹಡಗು ಇಳುದು, ರಾಗಿ ಸೀಮೆಗೆ ಬಂದ ಮೇಲೆ ಯಾವೋನೋ ಬಿಚ್ಚವ್ನೆ. ಒಳಗಿನ ಕಾಗದ ತೆಗ್ದು, ಸತ್ತ ಕಾಗದ ಇಟ್ಟವ್ನೆ. ಓದಿದ ತಕ್ಷಣ ನಾವೇ ಹರ್ದು ಸುಡ್ತೀವಿ ಅಂತ ಅವನಿಗೆ ಗೊತ್ತು. ನಮ್ ಶಾಸ್ತ್ರಾನೇ ಅವನಿಗೆ ಬೆಂಕಿಪೆಟ್ಟಿಗೆ!"

ಹೊಸೂರಿನಿಂದ ಇಲ್ಲಿಯವರೆಗೆ ಆ ಲಕೋಟೆ ಮುಟ್ಟಿದವನು ಒಬ್ಬನೇ ಎಂಬುದು ಕೂಸಿಗೂ ಗೊತ್ತಿತ್ತು. ಎಲ್ಲರ ಕಣ್ಣೂ ಜಗಲಿಗೆ ಏರಿತು.

"ಬೇರೆ ಕಾಗದ ಇತ್ತು ಅನ್ನೋದಾದ್ರೆ ತೋರಿಸಲಿ!" ವೆಂಕಟೇಶಪ್ಪ ಎದ್ದುನಿಂತ. "ಎಲ್ಲಿದೆ? ನಾನೇ ಬದಲಾಯಿಸಿದ್ರೆ, ಆ ಕಾಗದಾನ ಸುಟ್ಟುಹಾಕದೆ ಇಟ್ಕೊಳ್ಳೋಕೆ ನನಗೇನು ಹುಚ್ಚೇ?"

"ಸುಡಕ್ಕೆ ನಿಮ್ಗೆ ಆಗಲ್ಲ ಸ್ವಾಮಿ." ಚಿಕ್ಕಮುನಿಯಪ್ಪನ ದನಿ ಮೊದಲ ಬಾರಿಗೆ ಮೆತ್ತಗಾಯಿತು. "ಸತ್ತೋನ ಕಾಗದ ಇಟ್ಕಬಾರ್ದು, ಬದುಕಿರೋನ ಕಾಗದ ಹರೀಬಾರ್ದು. ಹರುದ್ರೆ ಅವನ ಸಾವು ಹರುದ ಕೈಗೆ ಬತ್ತದೆ ಅಂತ ನಿಮ್ಮವ್ವಾನೂ ಹೇಳಿರ್ತಾಳೆ, ನಮ್ಮವ್ವಾನೂ ಹೇಳವ್ಳೆ. ಬಾಯಲ್ಲಿ ಕೊಂದ್ರಿ. ಕೈಯಲ್ಲಿ ಕೊಲ್ಲೋ ಧೈರ್ಯ ಬರ್ಲಿಲ್ಲ. ಮನೇಲಿಟ್ರೆ ಹೆಂಡ್ತಿ ಕಾಣ್ತಾಳೆ. ಅದಕ್ಕೇ ಕೇಳ್ತೀನಿ. ಹನ್ನೊಂದರ ದಿನ ಊರ ಗಂಡಸ್ರೆಲ್ಲ ರುಮಾಲು ಬಿಚ್ಚವ್ರೆ. ನಿಮ್ ರುಮಾಲು ಯಾಕೆ ತಲೆ ಮೇಲೇ ಐತೆ?"

ವೆಂಕಟೇಶಪ್ಪನ ಕೈ ತಾನಾಗಿ ತಲೆಗೆ ಹೋಯಿತು. ಅಷ್ಟು ಸಾಕಾಗಿತ್ತು.

ಪಟೇಲ ಪಾಪಯ್ಯ ಒಂದೇ ಎಳೆತಕ್ಕೆ ರುಮಾಲು ಕಿತ್ತ. ಹನ್ನೆರಡು ಮೊಳ ಬಟ್ಟೆ ಗಿರಗಿರನೆ ಬಿಚ್ಚಿಕೊಂಡಿತು. ನಡುವಿನಿಂದ ನಾಲ್ಕು ಮಡಿಕೆಯ ನೀಲಿ ಕಾಗದವೊಂದು ಜಾರಿ ಅಂಗಳದ ಸಗಣಿ ನೆಲದ ಮೇಲೆ ಬಿತ್ತು.

ಅದರ ಸದ್ದು ತೋಪಿನ ಸದ್ದಿನಂತೆ ಕೇಳಿಸಿತೆಂದರೆ ಸುಳ್ಳಲ್ಲ.

ಭದ್ರಮ್ಮ ಕಾಗದವನ್ನು ಎತ್ತಿ ಎದೆಗೊತ್ತಿಕೊಂಡಳು. ಆಮೇಲೆ ದಿಕ್ಕು ತೋಚದೆ ಸುತ್ತ ನೋಡಿದಳು. "ಯಾರಾರ ಓದ್ರಪ್ಪ. ನನ್ ಮಗ ಏನಂದವ್ನೆ, ಓದ್ರಪ್ಪ."

ಮೂರು ತಾಲ್ಲೂಕಿನ ಮಹಾ ಪತ್ತೇದಾರನಿಗೆ ಇದೊಂದು ಹೊಳೆದಿರಲಿಲ್ಲ. ಪಟೇಲನಿಗೆ ಹೆಬ್ಬೆಟ್ಟೇ ಸಹಿ. ಊರಿಗೆಲ್ಲ ಓದಬಲ್ಲವನು ಆ ಕಳ್ಳನೊಬ್ಬನೇ.

ವೆಂಕಟೇಶಪ್ಪ ಬೋಳುತಲೆ ಸವರಿಕೊಂಡು ಮೆಲ್ಲನೆ ಕೈಚಾಚಿದ. ಮುಖಕ್ಕೆ ಮತ್ತೆ ರಕ್ತ ಬಂದಿತ್ತು.

"ಕೊಡಮ್ಮ. ನಾನೇ ಓದ್ತೀನಿ. ಇದರಲ್ಲೂ ಸತ್ತ ಸುದ್ದಿಯೇ ಇರೋದು. ಹೊಟ್ಟೆ ಉರಿಯುತ್ತೆ ಅಂತ ಮುಚ್ಚಿಟ್ಟೆ..."

"ಇತ್ಲಾಗ್ ಕೊಡತ್ತೆ."

ಮುನಿರತ್ನಮ್ಮ ಮಣೆಯಿಂದ ಎದ್ದಿದ್ದಳು. ಅತ್ತೆಯ ಕೈಯಿಂದ ಕಾಗದ ತೆಗೆದುಕೊಂಡು ಬಿಡಿಸಿದಳು. ಬೆರಳನ್ನು ಮೊದಲ ಸಾಲಿನ ಕೆಳಗಿಟ್ಟಳು.

"ನನ್ನ... ಮು... ಮುನಿ... ರತ್ನಮ್ಮನಿಗೆ..."

ಅಂಗಳಕ್ಕೆ ಸಿಡಿಲು ಬಡಿದಿದ್ದರೂ ಇಷ್ಟು ಬೆಚ್ಚುತ್ತಿರಲಿಲ್ಲ.

"ನಿಂಗೆ ಓದಕ್ ಬತ್ತದೇನಮ್ಮಿ!" ಎಂದಳು ಭದ್ರಮ್ಮ.

"ಇಪ್ಪತ್ತೆರಡು ಕಾಗದ ಬಂದವಲ್ಲತ್ತೆ. ಒಂದೊಂದನ್ನೂ ಎರಡು ಸಲ ಓದಿ ಅಂತ ಇವರ ಕಾಲು ಹಿಡೀತಿದ್ದೆ. ಕೇಳಿದ್ದನ್ನ ಬಾಯಲ್ಲಿ ಇಟ್ಕಂಡು, ಒಲೆ ಮುಂದೆ ಕೂತು ಅಕ್ಷರದ ಮೇಲೆ ಬೆರಳಿಟ್ಟು ಹುಡುಕ್ತಿದ್ದೆ. 'ಮುದ್ದೆ' ಅನ್ನೋದು ಮೊದ್ಲು ಸಿಕ್ತು. ಎಲ್ಲಾ ಕಾಗದದಲ್ಲೂ ಇತ್ತಲ್ಲ." ಅವಳು ವೆಂಕಟೇಶಪ್ಪನ ಕಡೆ ತಿರುಗಿದಳು. "ಸತ್ತ ಕಾಗದ ಒಂದನ್ನೇ ನನ್ ಕಣ್ಣಿಗೆ ತೋರಿಸ್ಲಿಲ್ಲ ನೀವು. ಕಲಿಸಿದ ಗುರುಗಳು, ಕೂತ್ಕಳಿ. ತಪ್ಪಾದ್ರೆ ತಿದ್ದಿ."

ವೆಂಕಟೇಶಪ್ಪ ಕೂತ.

ಅವಳು ಓದಿದಳು. ಎತ್ತು ಕೆರೆಯ ಏರಿ ಹತ್ತುವ ಹಾಗೆ, ನಿಂತು ನಿಂತು, ಆದರೆ ಒಂದು ಅಕ್ಷರವನ್ನೂ ಬಿಡದೆ.

"ನನ್ನ ಮುನಿರತ್ನಮ್ಮನಿಗೆ ಆವುಲಪ್ಪ ಬರೆಸುವುದು. ನಾನು ಜೀವದಿಂದಿದ್ದೇನೆ."

ಭದ್ರಮ್ಮ ಗೊಳೋ ಎಂದು ಅತ್ತಳು. ಅಳು ಹಾಗೇ ನಗುವಾಯಿತು. ರಾಮಕ್ಕಜ್ಜಿ ಗುಂಡುಕಲ್ಲನ್ನು ಬೇಲಿಯಾಚೆ ಎಸೆದ ಎಸೆತಕ್ಕೆ ಅದು ಪಿನಾಕಿನಿ ಹೊಳೆಯಲ್ಲೇ ಬಿದ್ದಿರಬೇಕು.

"ಈ ದೇಶದಲ್ಲಿ ಜರ್ಮನಿಯವನು ಓಡಿದ ಮೇಲೆ ಊರಿನವರೇ ಎರಡು ಪಾಲಾಗಿ ಹೊಡೆದಾಡುತ್ತಾರೆ. ಬೀದಿಯ ಆ ಸಾಲು ಈ ಸಾಲಿಗೆ ಗುಂಡು ಹಾರಿಸುತ್ತದೆ. ನಾವು ನಡುವೆ ಕಲ್ಲು ಮಣ್ಣು ಬಗೆದು ದಾರಿ ಮಾಡುತ್ತೇವೆ. ಒಬ್ಬ ಮುದುಕಿ ದಿನಾ ಎರಡು ರೊಟ್ಟಿ ಸುಟ್ಟು ಒಂದನ್ನು ಆಚೆಗೆ, ಒಂದನ್ನು ಈಚೆಗೆ ಕೊಟ್ಟು ಬರುತ್ತಾಳೆ. ಎರಡು ಕಡೆಯೂ ಅವಳ ಮಕ್ಕಳೇ. ಅವಳು ಬೀದಿ ದಾಟುವಾಗ ಇಬ್ಬರೂ ಗುಂಡು ನಿಲ್ಲಿಸುತ್ತಾರೆ. ನಮ್ಮೂರಲ್ಲಿ ಬದುವಿಗೆ ಕಚ್ಚಾಡುವ ಅಣ್ಣತಮ್ಮಂದಿರಿಗೆ ಇದನ್ನು ಹೇಳು."

ಗಂಡಸರ ಸಾಲಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ನೋಡಿದರು. ಆಮೇಲಿನ ಎರಡು ಸಾಲಿಗೆ ಸೆನ್ಸಾರಿನವರು ಮಸಿ ಬಳಿದಿದ್ದರು. ಮುನಿರತ್ನಮ್ಮ ಅದನ್ನು ದಾಟಿದಳು.

"ಗೋಡೆ ಕುಸಿದು ಕಣ್ಣಿಗೆ ಸುಣ್ಣ ಹೋಯಿತು. ಪಟ್ಟಿ ಕಟ್ಟಿದ್ದಾರೆ. ಎರಡು ತಿಂಗಳಿಗೆ ಬಿಚ್ಚುತ್ತಾರಂತೆ, ಕಾಣುತ್ತದಂತೆ, ಹೆದರಬೇಡ. ಈ ಕಾಗದ ಸೇರುವ ಹೊತ್ತಿಗೆ ನಾನು ಬೆಂಗಳೂರಿನ ದಂಡಿನ ಆಸ್ಪತ್ರೆಯಲ್ಲಿರುತ್ತೇನೆ. ಒಬ್ಬನೇ ಬರಲಾರೆ. ವೆಂಕಟೇಶಪ್ಪನವರನ್ನು ಕಳಿಸು. ಅವರಾದರೆ ನಂಬಿಕಸ್ಥರು."

ಆ ಕೊನೆಯ ಮಾತಿಗೆ ವೆಂಕಟೇಶಪ್ಪ ಮುಖ ಮುಚ್ಚಿಕೊಂಡ. ಪಟೇಲ ಅವನ ಕುತ್ತಿಗೆಪಟ್ಟಿ ಹಿಡಿದು ಎಬ್ಬಿಸಿದ.

"ಯಾರು ಹೋದ್ರೋ ಬೆಂಗಳೂರಿಗೆ? ಬೊಗಳು!"

"ನರಸಿಂಹಪ್ಪ. ದುಡ್ಡಿನ ಆಸೆ ತೋರಿಸಿದ, ನಾನು ಸೋತೆ. ಆಸ್ಪತ್ರೇಲಿ ನನ್ನ ಹೆಸರು ಹೇಳಿ ಆವುಲಪ್ಪನ್ನ ಕರ್ಕೊಂಡು ಬಂದ. ಉಡಿಕೆ ಮುಗಿಯೋಗಂಟ ಎಲ್ಲಾದ್ರೂ ಕೂಡಿಹಾಕೋಣ, ಆಮೇಲೆ ಬಿಡೋಣ ಅಂದ. ಕೊಲ್ಲೋ ಮಾತು ಆಡಿಲ್ಲ, ನನ್ ಮಕ್ಕಳಾಣೆ..."

ಎಲ್ಲರೂ ಮೊದಲ ಸಾಲಿನ ಕಡೆ ತಿರುಗಿದರು. ತಟ್ಟೆಯಿತ್ತು, ತಟ್ಟೆಯಲ್ಲಿ ಸೀರೆಯಿತ್ತು, ನರಸಿಂಹಪ್ಪ ಇರಲಿಲ್ಲ. ಬೇಲಿಯಾಚೆ ಹೊಸೂರ ರ‌ಸ್ತೆಯಲ್ಲಿ ಅವನ ಗಾಡಿಯ ದೂಳು ಏಳುತ್ತಿತ್ತು.

"ನನ್ ಮಗ ಎಲ್ಲವ್ನೆ ಹೇಳೋ!" ಭದ್ರಮ್ಮ ಚೀರಿದಳು.

"ಅದು ನರಸಿಂಹಪ್ಪನಿಗೂ ಗೊತ್ತಿಲ್ಲ ತಾಯಿ! ಹೊಸೂರಲ್ಲಿ ಬಸ್ಸಿಂದ ಇಳಿಸಿ, ಮರದ ಕೆಳಗೆ ಕೂರಿಸಿ, ಗಾಡಿ ಕಟ್ಟಕ್ಕೆ ಹೋಗವ್ನೆ. ತಿರುಗಿ ಬರೋದ್ರಲ್ಲಿ ಆವುಲಪ್ಪ ಇಲ್ಲ. ಒಂಬತ್ತು ದಿನದಿಂದ ಹುಡುಕ್ತಾ ಅವ್ನೆ."

ಚಿಕ್ಕಮುನಿಯಪ್ಪನಿಗೆ ಈಗ ಅರ್ಥವಾಯಿತು, ಆ ಕಣ್ಣು ಯಾಕೆ ರಸ್ತೆಯ ಮೇಲಿತ್ತೆಂದು. ಅವನು ತೊಡೆ ತಟ್ಟಿದ ಸದ್ದಿಗೆ ಜಗಲಿಯ ಹೆಂಚು ಅದುರಿತು.

"ಶಭಾಸ್ ಕಣ್ಲಾ ಆವುಲ! ಕಣ್ಣು ಕಟ್ಟಿದ್ರೂ ಕಳ್ಳನ್ನ ಕಂಡುಹಿಡ್ದವ್ನೆ, ತಪ್ಪಿಸ್ಕಂಡವ್ನೆ!"

"ಒಬ್ಬನೇ ಹೋಗ್ಲಿಲ್ಲ," ಎಂದ ವೆಂಕಟೇಶಪ್ಪ. "ಎದುರಿನ ಕಾಫಿ ಅಂಗಡಿಯವನು ನೋಡಿದ್ದಾನೆ. ಒಬ್ಬಳು ಹೆಂಗಸು ಬಂದು ಕೈ ಹಿಡಿದು ಕರ್ಕೊಂಡು ಹೋದಳಂತೆ. ಯಾರಮ್ಮ ನೀನು ಅಂದದ್ದಕ್ಕೆ, ನಾನು ಅವನ ಹೆಂಡತಿ, ಬಾಗಲೂರಿನ ಮುನಿರತ್ನಮ್ಮ ಅಂದಳಂತೆ."

ಅಂಗಳದ ಅಷ್ಟೂ ತಲೆಗಳು ಮಣೆಯ ಕಡೆ ತಿರುಗಿದವು.

ಮಣೆ ಖಾಲಿಯಿತ್ತು. ಮುನಿರತ್ನಮ್ಮ ಬೇಲಿಯ ಹತ್ತಿರ ಕಟ್ಟಿ ನಿಲ್ಲಿಸಿದ್ದ ಪಟೇಲನ ಎತ್ತಿನ ಗಾಡಿಯ ಮುಂದಿನ ಮೂಕಿಯ ಮೇಲೆ ನಿಂತು, ಎರಡು ಕೈಯಲ್ಲೂ ಹಗ್ಗ ಬಿಗಿಹಿಡಿದಿದ್ದಳು.

"ಯಾರು ಬತ್ತೀರ, ಹತ್ತಿ," ಎಂದಳು. "ನನ್ ಹೆಸ್ರು ಇಟ್ಕಂಡಿರೋಳ್ನ ನಾನೂ ಒಂದ್ಸಲ ನೋಡ್ಬೇಕು."